ಆಚೆ ದಂಡೆಯ ನಿಯಮ

ಫೆಬ್ರವರಿ ಹದಿನೇಳು, ಶನಿವಾರ, ಬೆಳಿಗ್ಗೆ ಎಂಟು ಹತ್ತು. ಜಲಾಶಯವನ್ನು ಸುತ್ತುವ ಅರವತ್ತೆರಡು ಕಿಲೋಮೀಟರ್ ಜಲ್ಲಿದಾರಿಯಲ್ಲಿ, ಕಾವಲು ಗೇಟಿಗೆ ಇನ್ನೂ ಹದಿನೇಳು ಕಿಲೋಮೀಟರ್ ಇರುವಾಗ, ಟೈಲ್ಸ್ ಮೇಸ್ತ್ರಿಗೆ ತನ್ನ ಭಾವ ಕಾಣಿಸಿದ. ಭಾವ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ ಹಿಂದಿನ ಚಕ್ರದೆದುರು ಕುಕ್ಕರುಗಾಲಿನಲ್ಲಿ ಕೂತಿದ್ದ.

ಮೇಸ್ತ್ರಿ ಬ್ರೇಕು ಹಿಡಿದು ಒಂದು ಕಾಲನ್ನು ನೆಲಕ್ಕೆ ಊರಿದ.

"ಏನು ಬೇಕು?"

ಅದು ಆ ದಾರಿಯ ನಿಯಮ. ಆಚೆ ದಂಡೆಯಲ್ಲಿ ಒಂದು ಮಗ್ಗುಲಿಗೆ ಗುಡ್ಡ, ಇನ್ನೊಂದು ಮಗ್ಗುಲಿಗೆ ನೀರು. ಗೇಟು ತಲುಪುವವರೆಗೆ ಫೋನಿಗೆ ಸಿಗ್ನಲ್ ಇಲ್ಲ. ಗೇಟಿನಿಂದ ಒಳಗೆ ಸಾಮಾನ್ಯವಾಗಿ ವಾಹನವೂ ಬರುವುದಿಲ್ಲ. ಆದ್ದರಿಂದ ನಿಂತ ಸವಾರನನ್ನು ದಾಟಿ ಯಾರೂ ಹೋಗಬಾರದು. ನಿಲ್ಲಬೇಕು, ಏನು ಬೇಕೆಂದು ಕೇಳಬೇಕು, ಇದ್ದುದನ್ನು ಕೊಡಬೇಕು. ಇದನ್ನು ಯಾರೂ ಬರೆದಿಟ್ಟಿರಲಿಲ್ಲ. ಯಾರೂ ಮೀರುತ್ತಲೂ ಇರಲಿಲ್ಲ. ಮೀರಿದವನು ಒಬ್ಬನೇ.

"ಬಾರೋ ಭಾವಮೈದ! ಹೇಳಿ ಕಳಿಸಿದ ಹಾಗೆ ಬಂದೆ ನೋಡು," ಎಂದ ಭಾವ. "ಚೂಪು ಕಲ್ಲು ಟೈರಿನ ಪಕ್ಕೆಯನ್ನೇ ಸೀಳಿಬಿಡ್ತು. ಕೂಸಿನ ಥರ ಹಾಲೆಲ್ಲ ಕಕ್ಕಿಬಿಟ್ಟಿದೆ."

ಅವನ ಚಕ್ರಗಳು ಹೊಸ ಬಗೆಯವು. ಅವುಗಳಲ್ಲಿ ಟ್ಯೂಬ್ ಇರುವುದಿಲ್ಲ. ಸಣ್ಣ ತೂತುಗಳನ್ನು ತಾನಾಗಿ ಮುಚ್ಚುವ ಬಿಳಿಯ ದ್ರವವಿರುತ್ತದೆ. ಸೀಳು ದೊಡ್ಡದಾದರೆ ಟ್ಯೂಬನ್ನೇ ಹಾಕಬೇಕು. ಜಲ್ಲಿಯ ಮೇಲೆ ಆ ದ್ರವ ಒಣಗುತ್ತಿತ್ತು.

"ಟ್ಯೂಬ್ ಅನ್ನೋದೆಲ್ಲ ಅಜ್ಜನ ಕಾಲದ್ದು ಅಂದಿದ್ರಲ್ಲ ಭಾವ?"

"ಅಂದಿದ್ದೆ ಕಣೋ. ಈಗ ಹಂಗಿಸಬೇಡ, ಒಂದು ಅಜ್ಜನ ಕಾಲದ್ದೇ ಕೊಡು. ಹನ್ನೊಂದಕ್ಕೆ ರಿಜಿಸ್ಟ್ರಾರ್ ಆಫೀಸಲ್ಲಿರಬೇಕು. ಸಾಕ್ಷಿ ಸಹಿ ನಾನೇ ಹಾಕಬೇಕಂತೆ. ತಪ್ಪಿಸಿದ್ರೆ ಮಗಳು ನನ್ನ ಚರ್ಮ ಸುಲೀತಾಳೆ."

"ಮಗಳ ಮದುವೆ ದಿನವೂ ಸೈಕಲ್ಲು?"

"ಹತ್ತು ಗಂಟೆಗೆ ಮನೆಯಲ್ಲಿರ್ತೀನಿ ಅಂತ ನಿಮ್ಮಕ್ಕನಿಗೆ ಮಾತು ಕೊಟ್ಟೇ ಬಂದಿದ್ದೀನಿ. ನಾನು ಕೊಟ್ಟ ಮಾತಿಗೆ ತಪ್ಪಿದೋನಲ್ಲ."

ಮೂರು ವರ್ಷದ ಹಿಂದೆ ಇದೇ ದಂಡೆಯಲ್ಲಿ ಮೇಸ್ತ್ರಿ ಬಿದ್ದಿದ್ದ. ಮುಂದಿನ ಚಕ್ರ ಹಪ್ಪಳದಂತೆ ತಿರುಚಿಹೋಗಿತ್ತು. ಮಂಡಿಯ ಚಿಪ್ಪು ಸೀಳಿತ್ತು. ಹಿಂದಿನಿಂದ ಬಂದ ಭಾವ ನೆಲಕ್ಕೆ ಕಾಲು ಸಹ ಊರದೆ, "ಗೇಟಿಂದ ಜೀಪು ಕಳಿಸ್ತೀನಿ, ಇಲ್ಲೇ ಇರು" ಎಂದು ಹೋಗಿದ್ದ. ಗೇಟಿನ ಬಳಿ ಅವನ ಫೋನು ಬಡಿದುಕೊಂಡಿತು. ಆಸ್ಪತ್ರೆಯಲ್ಲಿದ್ದ ಮೇಸ್ತ್ರಿಯ ತಾಯಿಗೆ ಹೆಚ್ಚಾಗಿದೆ ಎಂದು ಅಕ್ಕ ಅಳುತ್ತಿದ್ದಳು. ಭಾವ ನೇರವಾಗಿ ಆಸ್ಪತ್ರೆಗೆ ಹೋದ. ಜೀಪಿನವನಿಗೆ ಒಂದು ಮಾತೂ ಹೇಳಲಿಲ್ಲ. "ತಮ್ಮ ಎಲ್ಲಿ?" ಎಂದು ಅಕ್ಕ ಕೇಳಿದಾಗ, "ಬರ್ತಾನೆ, ಅವನಿಗೆ ಸವಾರಿ ಮುಗಿಯೋವರೆಗೆ ಏನೂ ಬೇಡ" ಎಂದ. ತಾಯಿ ಮಧ್ಯಾಹ್ನ ಎರಡರವರೆಗೆ ಬಾಗಿಲನ್ನು ನೋಡುತ್ತಾ ಮಲಗಿದ್ದಳು. ಕುಂಟುತ್ತ ನಡೆದು ಬಂದ ಮಗ ಆಸ್ಪತ್ರೆ ಮುಟ್ಟಿದಾಗ ಸಂಜೆ ನಾಲ್ಕು.

ಜೀಪಿನ ವಿಷಯ ಗಡಿಬಿಡಿಯಲ್ಲಿ ಮರೆತುಹೋಯಿತು ಎಂದು ಭಾವ ಹೇಳಿದ್ದರೆ ಮೇಸ್ತ್ರಿ ನಂಬುತ್ತಿದ್ದ. ಭಾವ ಅದನ್ನೂ ಹೇಳಲಿಲ್ಲ. ಬಿದ್ದದ್ದನ್ನು ತಾನು ಕಂಡೇ ಇಲ್ಲವೆಂಬಂತೆ ಇದ್ದುಬಿಟ್ಟ. ಅಕ್ಕನ ಸಂಸಾರ ಕಲಕಬಾರದೆಂದು ಮೇಸ್ತ್ರಿಯೂ ಬಾಯಿ ಬಿಡಲಿಲ್ಲ. ಆದರೆ ಬಾಯಿ ಕಟ್ಟಿದ ಮಾತ್ರಕ್ಕೆ ಹೊಟ್ಟೆ ತಣ್ಣಗಾಗುವುದಿಲ್ಲ.

ಅವನು ಸೀಟಿನ ಕೆಳಗಿನ ಚೀಲ ಬಿಚ್ಚಿದ. ಒಳಗೆ ಎರಡು ಟ್ಯೂಬುಗಳಿದ್ದವು. ಎರಡನ್ನೂ ಸುರುಳಿ ಸುತ್ತಿ, ಕಪ್ಪು ಪ್ಲಾಸ್ಟಿಕ್ಕಿನಲ್ಲಿಟ್ಟು, ರಬ್ಬರ್ ಬ್ಯಾಂಡ್ ಹಾಕಿದ್ದ. ಒಂದರ ವಾಲ್ವು ಪೆನ್ಸಿಲ್ಲಿನಷ್ಟು ಸಣ್ಣದು, ಇನ್ನೊಂದರದು ಮೋಟಾರ್ ಬೈಕಿನದರಂತೆ ದಪ್ಪ. ಮೇಸ್ತ್ರಿಯ ಹಳೆಯ ರಿಮ್ಮಿಗೆ ಎರಡೂ ಆಗುತ್ತಿದ್ದವು. ಭಾವನ ಹೊಸ ರಿಮ್ಮಿನ ತೂತು ಸಣ್ಣ ವಾಲ್ವಿಗೆ ಮಾತ್ರ. ಕಳೆದ ತಿಂಗಳು ಭಾವ ಆ ಚಕ್ರಗಳನ್ನು ಮನೆಮಂದಿಗೆಲ್ಲ ಪ್ರದರ್ಶಿಸುವಾಗ ಮೇಸ್ತ್ರಿ ಅದನ್ನು ಗಮನಿಸಿದ್ದ.

ಅವನ ಕೈ ಸಣ್ಣ ವಾಲ್ವಿನದನ್ನೇ ಹಿಡಿದಿತ್ತು. ಇದು ಸತ್ಯ.

"ಬೇಗ ಕೊಡೋ," ಎಂದ ಭಾವ, ತಲೆ ಎತ್ತದೆ, ಟೈರಿನ ಅಂಚನ್ನು ರಿಮ್ಮಿನಿಂದ ಬಿಡಿಸುತ್ತ. "ಎಲ್ಲದರಲ್ಲೂ ನಿಧಾನ ನೀನು. ಹೆತ್ತ ತಾಯಿ ಹತ್ರಾನೂ ಎಲ್ಲ ಮುಗಿದ ಮೇಲೇ ಬಂದೋನಲ್ವಾ!" ಹೇಳಿ, ತನ್ನ ಮಾತಿಗೆ ತಾನೇ ನಕ್ಕ.

ಮೇಸ್ತ್ರಿ ಆ ಸುರುಳಿಯನ್ನು ಚೀಲದಲ್ಲೇ ಬಿಟ್ಟು ಇನ್ನೊಂದನ್ನು ತೆಗೆದುಕೊಟ್ಟ.

"ಪಂಪ್ ಇದೆಯಾ?"

"ಇದೆ ಇದೆ. ನೀನು ಹೊರಡು. ಹತ್ತು ನಿಮಿಷದಲ್ಲಿ ಹಿಂದಿನಿಂದ ಬಂದು ಹಿಡೀತೀನಿ."

"ಹಿಡೀರಿ ಭಾವ," ಎಂದು ಮೇಸ್ತ್ರಿ ಪೆಡಲು ತುಳಿದ.

ತಿರುವು ದಾಟಿದ ಮೇಲೆ ಲೆಕ್ಕ ತಾನಾಗಿ ನಡೆಯತೊಡಗಿತು. ಖಾಲಿ ಚಕ್ರದ ಸೈಕಲ್ಲನ್ನು ಜಲ್ಲಿಯ ಮೇಲೆ ತಳ್ಳಿಕೊಂಡು ಗಂಟೆಗೆ ನಾಲ್ಕು ಕಿಲೋಮೀಟರ್. ಗೇಟಿಗೆ ಹನ್ನೆರಡೂವರೆ. ಅಲ್ಲಿಂದ ಊರಿಗೆ ಇಪ್ಪತ್ತೆರಡು ಕಿಲೋಮೀಟರ್, ಅದೂ ವಾಹನ ಸಿಕ್ಕರೆ. ಕಚೇರಿಯಲ್ಲಿ ಶನಿವಾರದ ಕೆಲಸ ಒಂದು ಗಂಟೆಗೆ ಮುಗಿಯುತ್ತದೆ. ಮೂರು ವರ್ಷದಲ್ಲಿ ಮೊದಲ ಸಲ ಏರಿನಲ್ಲಿ ಮೇಸ್ತ್ರಿಯ ಮಂಡಿ ನೋಯಲಿಲ್ಲ.

ಮನೆಗೆ ಹೋಗಿ ಮಿಂದು, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಅವನು ಹತ್ತು ಮುಕ್ಕಾಲಿಗೆ ರಿಜಿಸ್ಟ್ರಾರ್ ಕಚೇರಿಯಲ್ಲಿದ್ದ. ಉದ್ದನೆಯ ಕೋಣೆ, ಹಸಿರು ರೆಕ್ಸಿನ್ ಹರಿದ ಬೆಂಚುಗಳು, ಗೋಡೆಯ ಮೇಲೆ ಗಡಿಯಾರ. ಅವನು ಗಡಿಯಾರಕ್ಕೆ ಎದುರಾಗಿ ಕೂತ. ಹನ್ನೊಂದಕ್ಕೆ ಗುಮಾಸ್ತ ಹೆಸರು ಕರೆದ. ಅಕ್ಕ, "ಹುಡುಗಿಯ ತಂದೆ ದಾರಿಯಲ್ಲಿದ್ದಾರೆ" ಎಂದಳು. ಗುಮಾಸ್ತ ಮುಂದಿನ ಜೋಡಿಯನ್ನು ಕರೆದ.

ಹನ್ನೊಂದೂಕಾಲು. ಈಗ ಭಾವ ಬಂಡೆಗಳ ಇಳಿಜಾರಿನಲ್ಲಿರಬೇಕು. ನೆರಳಿಲ್ಲ. ಬಾಟಲಿಯ ನೀರು ಮುಗಿದಿರಬೇಕು. ಮೇಸ್ತ್ರಿ ಆ ದಾರಿಯ ಒಂದೊಂದು ಏರನ್ನೂ ಮನಸ್ಸಿನಲ್ಲೇ ಭಾವನಿಗೆ ಹತ್ತಿಸಿದ.

"ಫೋನ್ ಸಿಗ್ತಾನೇ ಇಲ್ಲ," ಎಂದಳು ಅಕ್ಕ. "ಇವತ್ತಾದ್ರೂ ಮನೇಲಿರಿ ಅಂತ ಬಡ್ಕೊಂಡೆ. ಕೇಳಬೇಕಲ್ಲ!"

ವರ ಮೇಸ್ತ್ರಿಯತ್ತ ಕೈ ತೋರಿಸಿ ಬಾಯಿ ತೆರೆದ. "ಇನ್ಯಾರಾದ್ರೂ ಸಹಿ ಹಾಕಬಹುದಂತೆ. ಮಾವನೋರೇ ಇದ್ದಾರಲ್ಲ..."

"ಅಪ್ಪನೇ ಹಾಕಬೇಕು," ಎಂದಳು ಹುಡುಗಿ. ಆಮೇಲೆ ಮೇಸ್ತ್ರಿಯ ಕಡೆ ತಿರುಗಿದಳು. "ಮಾವ, ನೀವೂ ಬೆಳಿಗ್ಗೆ ಆ ಕಡೆ ಹೋಗಿದ್ರಲ್ವಾ? ಅಪ್ಪ ಕಾಣಿಸಲಿಲ್ವಾ?"

ಈ ಪ್ರಶ್ನೆಗೆ ಅವನು ಉತ್ತರ ಸಿದ್ಧಪಡಿಸಿಯೇ ಇದ್ದ. ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ.

"ಕಾಣಿಸಿದ್ರು. ಆಚೆ ದಂಡೆಯಲ್ಲಿ ಪಂಚರ್ ಆಗಿತ್ತು. ನಿಂತು ಕೇಳಿದೆ. ಟ್ಯೂಬ್ ಬೇಕು ಅಂದ್ರು, ಕೊಟ್ಟೆ."

"ಅಬ್ಬ!" ಎಂದಳು ಅಕ್ಕ. "ಮೊದಲೇ ಹೇಳಬಾರದಿತ್ತೇನೋ! ನೀನು ಕೊಟ್ಟಿದ್ದೀಯ ಅಂದ ಮೇಲೆ ಸರಿ. ಬಂದೇ ಬರ್ತಾರೆ."

ಹುಡುಗಿ ಮಾತ್ರ ಅವನ ಮುಖದಿಂದ ಕಣ್ಣು ತೆಗೆಯಲಿಲ್ಲ. ಹನ್ನೆರಡನೆಯ ವಯಸ್ಸಿನಲ್ಲಿ ಅವಳಿಗೆ ಪಂಚರ್ ಹಾಕಲು ಕಲಿಸಿದವನು ಮೇಸ್ತ್ರಿಯೇ. ತೂತು ಹುಡುಕುವ ಮೊದಲು ವಾಲ್ವು ನೋಡು ಎಂದು ಹೇಳಿಕೊಟ್ಟವನೂ ಅವನೇ.

"ಯಾವ ಟ್ಯೂಬ್ ಮಾವ?"

ಮೇಸ್ತ್ರಿ ಗಡಿಯಾರ ನೋಡಿದ.

"ಅಪ್ಪನ ಹೊಸ ರಿಮ್ಮಿಗೆ ಸಣ್ಣ ವಾಲ್ವು. ನೀವು ಕೊಟ್ಟಿದ್ದು?"

"ಅದೆಲ್ಲ ಈಗ ಯಾಕೆ ಕಣೇ," ಎಂದಳು ಅಕ್ಕ. "ಟ್ಯೂಬ್ ಅಂದ್ರೆ ಟ್ಯೂಬು."

ಹುಡುಗಿ ತಾಯಿಯ ಮಾತು ಕೇಳಿಸಿಕೊಳ್ಳಲಿಲ್ಲ. ಮಾವನ ಉತ್ತರಕ್ಕಾಗಿ ಕಾದಳು. ಅವನು ಕೊಡದಿದ್ದ ಉತ್ತರ ಅವಳಿಗೆ ಸಾಕಾಯಿತು. ಕೂಗಲಿಲ್ಲ, ಅಳಲಿಲ್ಲ. ಅಂಗೈ ಚಾಚಿದಳು.

"ನಿಮ್ಮ ಬೈಕ್ ಕೀ ಕೊಡಿ."

"ನಾನು ಹೋಗ್ತೀನಿ," ಎಂದ ಮೇಸ್ತ್ರಿ.

"ಬೇಡ. ನೀವು ಹೋಗಬೇಡಿ."

ಅವನು ಕೀ ಕೊಟ್ಟ. ಅದನ್ನು ತೆಗೆದುಕೊಳ್ಳುವಾಗ ಅವಳ ಬೆರಳುಗಳು ಅವನ ಕೈಗೆ ತಾಗಲಿಲ್ಲ. ವರ ಎದ್ದು ಹಿಂದೆ ಓಡಿದ. ಅವಳು ಅವನನ್ನು ಹತ್ತಿಸಿಕೊಂಡಳು. ಮೇಸ್ತ್ರಿ ಮತ್ತು ಅಕ್ಕ ಅಂಗಳಕ್ಕೆ ಬರುವಷ್ಟರಲ್ಲಿ ಬೈಕು ಮಣ್ಣೆಬ್ಬಿಸಿಕೊಂಡು ಹೊರಟಿತ್ತು. ಎದ್ದ ಧೂಳು ಗಾಳಿಯಿಲ್ಲದ ಬಿಸಿಲಿನಲ್ಲಿ ತುಸು ಹೊತ್ತು ನಿಂತು, ನಿಧಾನವಾಗಿ ಇಳಿಯಿತು.

"ಏನು ಹುಡುಗಿಯೋ!" ಎಂದಳು ಅಕ್ಕ. "ಅವಳ ಮಾತು ಮನಸ್ಸಿಗೆ ಹಚ್ಕೋಬೇಡ. ಗಾಬರಿಯಲ್ಲಿದ್ದಾಳೆ, ಅಷ್ಟೆ. ನೀನು ದಾರಿಯಲ್ಲಿ ಸಿಗದೇ ಇದ್ದಿದ್ರೆ ಅವರ ಗತಿ ಏನಾಗ್ತಿತ್ತು ಹೇಳು."

ಮೇಸ್ತ್ರಿ ಬೈಕು ಹೋದ ದಾರಿಯ ಕಡೆ ತಿರುಗಿ ನಿಂತ.

"ಇಲ್ಲಿ ನೋಡು, ಅಂಗಿಯೆಲ್ಲ ಧೂಳಾಯ್ತು," ಎಂದು ಅಕ್ಕ ಕರವಸ್ತ್ರ ತೆಗೆದು, ಅವನ ಹೆಗಲನ್ನು ಮೆಲ್ಲಗೆ ಒರೆಸತೊಡಗಿದಳು.