ಗದ್ದಲ ತೆಗೆದ ಹಾಡು

"ಕಿವೀಲಿ ಸೆಗಣಿ ತುಂಬ್ಕೊಂಡಿದೀಯೇನೇ? ಆ ಮಗು ಅಳೋದು ಇನ್ನೂ ಕೇಳಿಸ್ತಿದೆ!"

ಮೇಲ್ವಿಚಾರಕ ನನ್ನ ತಲೆಯಿಂದ ಹೆಡ್‌ಫೋನ್ ಕಿತ್ತು ಮೇಜಿನ ಮೇಲೆ ಎಸೆದ. ವಿಶ್ವವಿದ್ಯಾಲಯದ ಗ್ರಂಥಾಲಯದ ನೆಲಮಾಳಿಗೆ ಅದು. ಬೂಷ್ಟು ಹಿಡಿದ ಪುಸ್ತಕಗಳನ್ನು ಸ್ಕ್ಯಾನ್ ಮಾಡುವುದು, ಹಳೆಯ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿ ಗದ್ದಲ ತೆಗೆಯುವುದು ಗುತ್ತಿಗೆಯವರಾದ ನಮ್ಮ ಕೆಲಸ. ಇಳಿಸಿದ್ದೆಲ್ಲ ಡಿಜಿಟಲ್ ಭಂಡಾರಕ್ಕೆ ಹೋಗುತ್ತದೆ. 'ಜ್ಞಾನ ಎಲ್ಲರಿಗೂ' ಎಂದು ಗೋಡೆಗೆ ಬರೆಸಿದ್ದಾರೆ. ನಮ್ಮ ಮೊಬೈಲುಗಳನ್ನು ಮಾತ್ರ ಬಾಗಿಲಲ್ಲೇ ಕಸಿದಿಟ್ಟುಕೊಳ್ಳುತ್ತಾರೆ; ಪೆನ್‌ಡ್ರೈವ್ ಹಾಕುವ ಕಿಂಡಿಗೆ ಅರಗು ತುಂಬಿದ್ದಾರೆ.

"ಇದು ನಿರ್ದೇಶಕರ ಸ್ವಂತ ಸಂಗ್ರಹ. ನಾಡಿದ್ದು ಉದ್ಘಾಟನೆ. ಹಾಡು ಬಿಟ್ಟು ಬೇರೇನೂ ಕೇಳಿಸಬಾರದು. ತಿಳೀತಾ, ಕತ್ತೆ?"

ಕ್ಯಾಸೆಟ್ಟಿನ ಮೇಲೆ 'ಕೂಲಿ ಹೆಂಗಸಿನ ಹಾಡು' ಎಂದಷ್ಟೇ ಇತ್ತು. ಹೆಂಗಸು ಹಾಡುತ್ತಿದ್ದಳು. ಹಿಂದೆ ಮಗುವೊಂದು ಉಸಿರು ಸಿಕ್ಕುವಂತೆ ಅಳುತ್ತಿತ್ತು. ಅವಳ ದನಿ ನಡುಗಿ ನಿಂತಾಗ ಗಂಡಸೊಬ್ಬ ಹೇಳುತ್ತಾನೆ: "ನಿಲ್ಲಿಸ್ಬೇಡಮ್ಮ, ಹಾಡು. ಅಳ್ಲಿ ಬಿಡು, ಏನಾಗಲ್ಲ." ಅವಳು ಮತ್ತೆ ಹಾಡುತ್ತಾಳೆ.

ದಿನವಿಡೀ ಕೇಳಿದ ರಾಗ ಬಾಯಿಗೆ ಅಂಟಿತ್ತು. ಸಂಜೆ ಮನೆಯಲ್ಲಿ ಗುನುಗುತ್ತಿದ್ದರೆ, ಪಾತ್ರೆ ಉಜ್ಜುತ್ತಿದ್ದ ಅವ್ವನ ಕೈ ನಿಂತಿತು.

"ಎಲ್ಲಿ ಕಲಿತೆ ಇದನ್ನ? ನಿನ್ನ ಮುಂದೆ ಒಂದಿನಾನೂ ಹಾಡ್ಲಿಲ್ವಲ್ಲೇ ನಾನು."

ಹೇಳಿದೆ. ಮಗುವಿನ ಅಳುವಿನ ಮಾತು ಬಂದದ್ದೇ ಅವ್ವ ಬೂದಿಗೈಯಲ್ಲೇ ನೆಲಕ್ಕೆ ಕೂತಳು.

"ನಿಮ್ಮಣ್ಣ ಕಣೇ ಅದು. ನೀನು ಕೆಲ್ಸ ಮಾಡೋ ಆ ಕಟ್ಟಡಕ್ಕೇ ಕಲ್ಲು ಹೊರ್ತಿದ್ದೆ ಆಗ. ಯಾವನೋ ಓದೋ ಹುಡುಗ ದನಿ ಹಿಡಿಯೋ ಪೆಟ್ಟಿಗೆ ಹಿಡ್ಕೊಂಡು ಬಂದ. ಮಗೂನ ಎತ್ಕೊಳ್ತೀನಿ ಸ್ವಾಮಿ ಅಂದೆ, ಬಿಡ್ಲಿಲ್ಲ ಬೋಳೀಮಗ. ಮೇಸ್ತ್ರಿ ಬೇರೆ ಹಿಂದೇನೇ ನಿಂತಿದ್ದ. ಅದೇ ವಾರ ಕೂಸು ನೀರಿನ ಗುಂಡಿಗೆ ಬಿತ್ತು." ಕೈಯ ಬೂದಿಯನ್ನು ಸೆರಗಿಗೆ ಒರೆಸಿಕೊಂಡಳು. "ಒಂದು ಫೋಟೋನೂ ಇಲ್ಲ ಅವಂದು. ಒಂದ್ಸಲ ಕೇಳಿಸೇ, ನಿನ್ನ ಕಾಲಿಗೆ ಬೀಳ್ತೀನಿ."

ಬೆಳಿಗ್ಗೆ ನಿರ್ದೇಶಕರ ಕೋಣೆಗೆ ಹೋದೆ. ಮೇಲ್ವಿಚಾರಕ ಹಿಂದೆಯೇ ಬಂದ, ಚಪ್ಪಲಿ ಹೊರಗೆ ಬಿಡಿಸಿದ. ಅವ್ವನ ವಿಷಯ ಹೇಳಿ ಟೇಪಿನ ಒಂದು ಪ್ರತಿ ಕೇಳಿದೆ. ನಿರ್ದೇಶಕರು ಬಾಯಿ ತೆರೆದ ಕೂಡಲೇ ಗುರುತು ಸಿಕ್ಕಿತು. ಕ್ಯಾಸೆಟ್ಟಿನ ಗಂಡಸಿನದೇ ದನಿ, ಈಗ ಸ್ವಲ್ಪ ದಪ್ಪಗಾಗಿದೆ.

"ಓಹೋ, ಇನ್ನೂ ಇದ್ದಾಳಾ ನಿಮ್ಮಮ್ಮ? ಅದ್ಭುತ ಕಂಠ! ಆದ್ರೆ ಪ್ರತಿ ಕೊಡೋಕೆ ಬರಲ್ಲಮ್ಮ, ಹಕ್ಕೆಲ್ಲ ವಿಶ್ವವಿದ್ಯಾಲಯದ್ದು. ನಾಳೆ ಭಂಡಾರದಲ್ಲಿ ಹಾಕ್ತೀವಲ್ಲ, ಬೇಕಾದಷ್ಟು ಕೇಳ್ಲಿ."

"ಅದ್ರಲ್ಲಿ ನಮ್ಮಣ್ಣ ಇರಲ್ಲ ಸಾರ್."

"ಸಂಶೋಧನೆಗೆ ಅದು ಬೇಕಿಲ್ಲ." ಅವರು ಮೇಲ್ವಿಚಾರಕನ ಕಡೆ ತಿರುಗಿದರು. "ಆ ಟೇಪು ಹಾಳಾಗಿದೆ. ಕೆಲಸ ಮುಗಿದ ಮೇಲೆ ಎಸೆದುಬಿಡಿ."

ಹೊರಗೆ ಬರುತ್ತಲೇ ಮೇಲ್ವಿಚಾರಕ ನನ್ನ ತೋಳು ಹಿಂಡಿದ. "ಸಾಹೇಬ್ರ ಹತ್ರ ಹಕ್ಕು ಕೇಳ್ತೀಯೇನೇ? ಸಂಜೆಯೊಳಗೆ ಆ ಅಳು ಹೋಗ್ಬೇಕು. ಇಲ್ಲಾ ನೀನು ಹೋಗು."

ಮಧ್ಯಾಹ್ನ ಎಲ್ಲರೂ ಊಟಕ್ಕೆ ಎದ್ದಾಗ ನಾನು ಮನೆಗೆ ಓಡಿ ಅವ್ವನನ್ನು ಕರೆತಂದೆ. ಕಾವಲುಗಾರ ಕೋಲು ಅಡ್ಡ ಹಿಡಿದ.

"ಏಯ್ ಮುದುಕಿ, ಕಾರ್ಡ್ ಎಲ್ಲಿ?"

"ಈ ಮೆಟ್ಲಿಗೆ ಕಲ್ಲು ಹೊತ್ತಾಗ ಯಾವನೂ ಕಾರ್ಡ್ ಕೇಳ್ಲಿಲ್ಲ ಕಣೋ," ಎಂದಳು ಅವ್ವ. ಕೋಲನ್ನು ಕೈಯಿಂದ ಸರಿಸಿ ಒಳಗೆ ನಡೆದಳು. ಅವನು ಕೂಗುತ್ತ ಮೇಲ್ವಿಚಾರಕನನ್ನು ಹುಡುಕಿಕೊಂಡು ಹೋದ.

ನೆಲಮಾಳಿಗೆಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದೆ. ನನ್ನ ಕುರ್ಚಿಯಲ್ಲಿ ಅವ್ವನನ್ನು ಕೂರಿಸಿ, ಅವಳ ನರೆತ ತಲೆಗೆ ಹೆಡ್‌ಫೋನ್ ತೊಡಿಸಿ, ಅಳು ತೆಗೆಯದೆ ಇಟ್ಟಿದ್ದ ಮೂಲ ದನಿಯನ್ನು ಹಾಕಿದೆ.

ಅವ್ವ ಅಳಲಿಲ್ಲ. ಒಂದು ಕಡೆ ಮಾತ್ರ ಹಲ್ಲು ಕಚ್ಚಿದಳು, ಆ ಗಂಡಸು ಮಾತಾಡಿದ ಕಡೆ. ಆಮೇಲೆ ಮಡಿಲಲ್ಲಿದ್ದ ಎರಡೂ ಕೈ ತಾವಾಗಿ ಮೇಲೆದ್ದವು. ಎದುರಿಗೆ ಕೂಸು ಇದ್ದಂತೆ, ಎತ್ತಿಕೊಳ್ಳುವ ಹಾಗೆ, ಗಾಳಿಯಲ್ಲಿ ಚಾಚಿ ನಿಂತವು.

ಬಾಗಿಲಿಗೆ ಮೇಲ್ವಿಚಾರಕನ ಒದೆ ಬಿತ್ತು. "ತೆಗಿಯೇ ಸೂಳೆಮುಂಡೆ! ಪೊಲೀಸ್ ಕರೀತೀನಿ!"

ಪುಸ್ತಕ ತುಂಬಿದ ಕಬ್ಬಿಣದ ಕಪಾಟನ್ನು ಎಳೆದು ಬಾಗಿಲಿಗೆ ಅಡ್ಡ ಇಟ್ಟು ಬೆನ್ನು ಕೊಟ್ಟು ನಿಂತೆ. ಒದ್ದಾಗಲೆಲ್ಲ ಬೂಷ್ಟಿನ ಧೂಳು ತಲೆಯ ಮೇಲೆ ಉದುರುತ್ತಿತ್ತು. ಅವ್ವನಿಗೆ ಇದ್ಯಾವುದೂ ಕೇಳುತ್ತಿರಲಿಲ್ಲ.

"ಮುಗೀತಲ್ಲೇ," ಎಂದಳು, ಕಿವುಡರು ಮಾತಾಡುವಂತೆ ಜೋರಾಗಿ. "ಇನ್ನೊಂದ್ಸಲ ಹಾಕು."

ಚಿಲಕದ ಒಂದು ತಿರುಪು ಕಿತ್ತುಬಂದು ನೆಲಕ್ಕೆ ಬಿತ್ತು. ನಾನು ಕಪಾಟು ಬಿಟ್ಟು ಹೋಗಿ ಮೊದಲಿನಿಂದ ಹಾಕಿದೆ.