ಕಲ್ಲಿನ ಬಾಯಿಗೆ ಹೋದ ರಾಗಿ

ಸಂಜೆ ಕೆಲಸ ಮುಗಿಸಿ ಹೊರಡುವಾಗ ಸೆಲ್ವರಾಜ್ ಶೆಡ್ಡಿನ ಗೇಟಿನ ಹತ್ತಿರ ಒಂದು ಗಳಿಗೆ ನಿಲ್ಲುತ್ತಿದ್ದ. ಟಿಫನ್ ಡಬ್ಬಿಯ ಮುಚ್ಚಳ ತೆರೆದು ನೆಲದ ಮೇಲಿಡುತ್ತಿದ್ದ. ಜೇಬುಗಳನ್ನು ಒಳಮೈ ಹೊರಗಾಗುವಂತೆ ಎಳೆಯುತ್ತಿದ್ದ. ಆಮೇಲೆ ಎರಡೂ ಕೈ ಮೇಲೆತ್ತಿ ಕಣ್ಣು ಮುಚ್ಚುತ್ತಿದ್ದ. ಯಾರೋ ಮೈ ತಡವಿ ಮುಗಿಸಿದರು ಅನ್ನುವಷ್ಟು ಹೊತ್ತಾದ ಮೇಲೆ ಕೈ ಇಳಿಸಿ, ಡಬ್ಬಿ ಎತ್ತಿಕೊಂಡು ಹೊರಟುಬಿಡುತ್ತಿದ್ದ. ಚಿನ್ನದ ಗಣಿಯ ಗಿರಣಿಯಲ್ಲಿ ದುಡಿದವರನ್ನು ಹೀಗೆ ತಪಾಸಣೆ ಮಾಡಿಯೇ ಮನೆಗೆ ಬಿಡುತ್ತಿದ್ದರಂತೆ. ಗಣಿ ಮುಚ್ಚಿ ಕಾಲು ಶತಮಾನವಾಗುತ್ತ ಬಂತು. ಆಂಡರ್ಸನ್‌ಪೇಟೆಯ ಅಂಚಿನ ಈ ಶೆಡ್ಡಿನಲ್ಲಿ ಚಿನ್ನವಿರಲಿ, ಹಿತ್ತಾಳೆಯ ಚೂರೂ ಇರಲಿಲ್ಲ. ಮೊದಮೊದಲು ಶಶಿರೇಖಳಿಗೆ ನಗು ಬರುತ್ತಿತ್ತು. ಈಚೀಚೆಗೆ ಆ ಹೊತ್ತಿಗೆ ಅವಳು ಗೇಟಿನ ಕಡೆ ನೋಡುತ್ತಿರಲಿಲ್ಲ.

ಶೆಡ್ಡು ಅವಳದು. ಭೌತಶಾಸ್ತ್ರ ಓದಿ, ಕೆಲವು ವರ್ಷ ಕಾಲೇಜಿನಲ್ಲಿ ಪಾಠ ಹೇಳಿ, ಆಮೇಲೆ ರಾಗಿಯಿಂದ ಕಲ್ಲು ಬೇರ್ಪಡಿಸುವ ಯಂತ್ರ ಮಾಡಲು ಕೂತವಳು. ಜನ ರಾಗಿಯನ್ನು ಟಾರು ರಸ್ತೆಯ ಮೇಲೆ ಹರಡಿ ಒಕ್ಕಣೆ ಮಾಡುತ್ತಿರುವವರೆಗೂ ಅವಳ ಯಂತ್ರಕ್ಕೆ ಕೆಲಸವಿತ್ತು. ಯಂತ್ರವೂ ಸರಳ. ವಾಲಿಸಿ ಕೂರಿಸಿದ ಒಂದು ಜಾಲರಿಯ ತಟ್ಟೆ ಸದಾ ಅಲುಗುತ್ತಿರುತ್ತದೆ; ಕೆಳಗಿನಿಂದ ಫ್ಯಾನು ಗಾಳಿ ಊದುತ್ತದೆ. ಹಗುರಾದ ರಾಗಿ ಗಾಳಿಯಲ್ಲಿ ತೇಲಿ ಇಳಿಜಾರಿನತ್ತ ಜಾರಿ ಕೆಳಬಾಯಿಗೆ ಬರುತ್ತದೆ. ಭಾರದ ಕಲ್ಲು ಜಾಲರಿಗೆ ಅಂಟಿಕೊಂಡು ಕುಪ್ಪಳಿಸುತ್ತ ಮೇಲಕ್ಕೆ ಹತ್ತಿ ಇನ್ನೊಂದು ಬಾಯಿಂದ ಹೊರಬೀಳುತ್ತದೆ. ಇಳಿಜಾರು ಸರಿಯಿರಬೇಕು, ಅಷ್ಟೆ. ತಟ್ಟೆ ತೀರಾ ಮಟ್ಟಸವಾದರೆ ಕಲ್ಲಿನ ಜೊತೆ ರಾಗಿಯೂ ಮೇಲೆ ಹತ್ತಿಬಿಡುತ್ತದೆ.

ಸಿರಿಧಾನ್ಯಕ್ಕೆ ಬೇಡಿಕೆ ಎದ್ದ ವರ್ಷ ಯಂತ್ರಗಳು ಬಣ್ಣ ಆರುವ ಮೊದಲೇ ಲಾರಿ ಹತ್ತುತ್ತಿದ್ದವು. ಈ ವರ್ಷ, ಹೋದವು ಒಂದೊಂದಾಗಿ ವಾಪಸು ಬರುತ್ತಿದ್ದವು. ಕೊನೆಗೆ ಬಂಗಾರಪೇಟೆಯಲ್ಲಿ ಅವಳ ಯಂತ್ರಗಳನ್ನು ಮಾರುತ್ತಿದ್ದ ರವಿಶಂಕರ್ ಫೋನು ಮಾಡಿದ. ಅವಳು ಬಸ್ಸು ಹಿಡಿದು ಹೋದಳು.

"ಅಕ್ಕಾ, ನಿಮ್ ಮಿಷನ್ನು ಕಲ್ಲು ತೆಗೀತದೆ, ಅದ್ರಾಗೆ ಸುಳ್ಳೇಳಕ್ಕಾಗಲ್ಲ. ಆದ್ರೆ ಕಲ್ಲಿನ ಜೊತೆ ರಾಗೀನೂ ಕಳಿಸ್ತದೆ. ನಮ್ಮ ಗಿರಾಕಿ ಏನಂದ ಗೊತ್ತಾ? 'ನಿಮ್ಮಕ್ಕ ಕೋಳಿ ಸಾಕವ್ಳಾ, ಕಲ್ಲಿನ ಮೂಟೇಲಿ ಮೇವು ಕಟ್ಟಿಸ್ಕೊಂಡು ಓಗ್ತಾಳೆ' ಅಂದ."

"ಇಳಿಜಾರು ನಾನೇ ನೋಡಿ ಕಳಿಸಿದ್ದು ರವೀ. ಯಾರೋ ಬೋಲ್ಟ್ ತಿರುಗಿಸಿದ್ದಾರೆ."

"ನಾವು ಮುಟ್ಟಿಲ್ಲಕ್ಕಾ. ನೀವು ಬಳಿದಿರೋ ಗೆರೆ ಅಂಗೇ ಅದೆ, ನೋಡ್ಕಳ್ಳಿ."

ನಿಜ. ಇಳಿಜಾರು ಹೊಂದಿಸಿದ ಮೇಲೆ ಅವಳು ಬೋಲ್ಟಿನ ತಲೆಯಿಂದ ಚೌಕಟ್ಟಿನವರೆಗೆ ಒಂದು ಕೆಂಪು ಗೆರೆ ಎಳೆಯುತ್ತಿದ್ದಳು. ಯಾರಾದರೂ ಬೋಲ್ಟ್ ಮುಟ್ಟಿದರೆ ಗೆರೆ ಮುರಿಯಬೇಕು. ಗೆರೆ ಕೂದಲೆಳೆಯಷ್ಟೂ ಮುರಿದಿರಲಿಲ್ಲ. ಆದರೆ ರಸಮಟ್ಟ ಇಟ್ಟು ನೋಡಿದರೆ ತಟ್ಟೆ ಹೆಚ್ಚುಕಡಿಮೆ ನೆಲದಷ್ಟೇ ಮಟ್ಟಸ. ಅವಳು ಬೋಲ್ಟನ್ನು ಬೆರಳಿನಿಂದ ಸವರುತ್ತ ಕೂತಳು. ಒಂದು ಪೂರ್ತಿ ಸುತ್ತು ತಿರುಗಿಸಿದರೆ ಗೆರೆ ಮತ್ತೆ ಗೆರೆಗೇ ಬಂದು ಕೂಡುತ್ತದೆ. ಯಾರೋ ಅರ್ಧವಲ್ಲ, ಮುಕ್ಕಾಲಲ್ಲ, ಪೂರ್ತಿ ಸುತ್ತು ತಿರುಗಿಸಿದ್ದರು. ವಾಪಸು ಬಂದ ಎಲ್ಲ ಯಂತ್ರಗಳಲ್ಲೂ ಹೀಗೇ. ಅಷ್ಟು ಕರಾರುವಾಕ್ಕಾಗಿ ಬೋಲ್ಟ್ ತಿರುಗಿಸುವ ಕೈ ಅವಳಿಗೆ ಗೊತ್ತಿದ್ದದ್ದು ಒಂದೇ.

"ಇನ್ಮೇಲೆ ನಾನು ಇಡಲ್ಲಕ್ಕಾ," ಎಂದ ರವಿಶಂಕರ್, ಮುಖ ನೋಡದೆ. "ತಪ್ಪು ತಿಳ್ಕೋಬ್ಯಾಡಿ."

ಉಳಿದದ್ದು ಕದಿರಪ್ಪನ ಆರ್ಡರ್ ಒಂದೇ. ಕೋಲಾರದ ಕಡೆಯ ಹಳ್ಳಿಗಳ ರೈತರು ಸೇರಿ ಒಂದು ಕಂಪನಿ ಕಟ್ಟಿಕೊಂಡಿದ್ದರು. ಕದಿರಪ್ಪ ಅದರ ಅಧ್ಯಕ್ಷ. ಊರಿಗೊಂದರಂತೆ ಯಂತ್ರ ಬೇಕು, ಮೊದಲು ತಮ್ಮ ರಾಗಿ ಹಾಕಿ ಓಡಿಸಿ ತೋರಿಸಬೇಕು ಎಂದಿದ್ದ. ಅದೂ ತಪ್ಪಿಹೋದರೆ ಶೆಡ್ಡಿಗೆ ಬೀಗ ಹಾಕುವುದೊಂದೇ ದಾರಿ.

ಮಾರನೆಯ ಬೆಳಿಗ್ಗೆ ಅವಳು ಸೆಲ್ವರಾಜ್‌ನನ್ನು ನೇರವಾಗಿಯೇ ಕೇಳಿದಳು. ಯಂತ್ರಗಳನ್ನು ಗಿರಾಕಿಗಳ ಮನೆಗೆ ಹೋಗಿ ಕೂರಿಸಿ ಬರುತ್ತಿದ್ದವನು ಅವನೇ.

"ಸೆಲ್ವಣ್ಣಾ, ಕೂರಿಸುವಾಗ ಬೋಲ್ಟ್ ತಿರುಗಿಸ್ತೀರಾ?"

"ಇಲ್ಲಮ್ಮಾ. ಸತ್ಯಮಾ ಇಲ್ಲ. ನಾಲ್ಕು ಕಾಲು ನೆಲಕ್ಕೆ ಕೂರಿಸ್ತೀನಿ, ವೈರು ಕೊಡ್ತೀನಿ, ಬತ್ತೀನಿ." ಆಮೇಲೆ ತನ್ನ ಅಂಗೈ ನೋಡಿಕೊಂಡ. "ಆದ್ರೆ ಕೈ ಓಗ್ತದೆ. ನಾನು ತಡೀತೀನಿ. ಬೋಲ್ಟ್ ಅತ್ರ ಓಗ್ತದೆ."

"ಯಾಕೆ?"

ಅವನು ಗದ್ದ ಎತ್ತಿ ಬಾಗಿಲಾಚೆ ತೋರಿಸಿದ. ಅಲ್ಲಿ ಗಣಿಯವರು ಚಿನ್ನ ತೆಗೆದು ಸುರಿದುಹೋದ ಸೈನೈಡ್ ಮಣ್ಣಿನ ಬೂದು ಗುಡ್ಡ. ಗಾಳಿ ಎದ್ದ ದಿನ ಅದರ ಧೂಳು ಅನ್ನದ ತಟ್ಟೆಗೂ ಬರುತ್ತಿತ್ತು.

"ಗಿರಣೀಲಿ ನಮ್ದೂ ಇಂಥದ್ದೇ ಟೇಬಲ್ಲು. ಅಲುಗ್ತಾ ಇರ್ತದೆ, ಗಾಳಿ ಬದ್ಲು ನೀರು. ಇಳಿಜಾರು ಒಂಚೂರು ಜಾಸ್ತಿ ಆದ್ರೆ ಸಾಕು, ಭಾರ ಇರೋದೂ ಮಣ್ಣಿನ ಜೊತೆ ಓಗ್ಬಿಡ್ತದೆ. ಅದು ಚಿನ್ನ ಅಲ್ವಾ? ಅಗುರ ಎಷ್ಟಾದ್ರೂ ಬರ್ಲಿ, ಭಾರ ಒಂದು ಕಣಾನೂ ಓಗ್ಬಾರದು. ಮಟ್ಟಸ ಮಾಡು, ಮಟ್ಟಸ ಮಾಡು ಅಂತ ಗಾರ್ಡು ಬೆನ್ನಿಂದೇನೇ ನಿಂತಿರೋನು. ಅವನ ಉಸ್ರು ಇಲ್ಲಿ ಬೀಳೋದು." ಕತ್ತಿನ ಹಿಂಭಾಗ ಮುಟ್ಟಿ ತೋರಿಸಿದ. "ಈವಾಗ್ಲೂ ಬೀಳ್ತದೆ."

"ತಿರುಗಿ ನೋಡಿದ್ದೀರಾ?"

"ನೋಡಿದ್ರೆ ಯಾರೂ ಇರಲ್ಲಮ್ಮಾ. ಅದು ಇನ್ನೂ ಭಯ. ಅದ್ಕೇ ನೋಡಲ್ಲ."

ಅವಳಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಕದಿರಪ್ಪ ಬರುವ ದಿನ ಯಂತ್ರದ ಹತ್ತಿರ ಬರಬೇಡಿ ಎಂದು ಮಾತ್ರ ಹೇಳಿದಳು. ಅವನು ತಲೆಯಾಡಿಸಿದ. ಹಗುರಾದವನ ಹಾಗೆ ಕಂಡ.

ಆ ದಿನ ಗಾಳಿ ಇತ್ತು. ಶಶಿರೇಖ ಬೆಳಿಗ್ಗೆಯೇ ಬಂದು ತಾನೇ ಇಳಿಜಾರು ಹೊಂದಿಸಿ, ರಸಮಟ್ಟ ಇಟ್ಟು ಪರೀಕ್ಷಿಸಿ, ಕೆಂಪು ಗೆರೆ ಎಳೆದಳು. ಸೆಲ್ವರಾಜ್ ದೂರದ ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತು ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡಿದ್ದ. ಶೆಡ್ಡಿನಲ್ಲಿ ಮೂಟೆ ಕಟ್ಟುವ ಮುನಿಲಕ್ಷ್ಮಿ ಎರಡು ಬಾಯಿಗಳಿಗೂ ಚೀಲ ಸಿಕ್ಕಿಸಿದಳು. ಕದಿರಪ್ಪ ಇಬ್ಬರು ರೈತರ ಜೊತೆ ತನ್ನ ರಾಗಿಯ ಮೂಟೆ ಇಳಿಸಿಕೊಂಡು ಬಂದ. ಹೆಗಲ ಮೇಲಿನ ಟವೆಲ್ಲಿನಿಂದ ಕುರ್ಚಿ ಒರೆಸಿ, ಕೂರದೆ ಯಂತ್ರದ ಎದುರೇ ನಿಂತ.

ಯಂತ್ರ ಓಡತೊಡಗಿತು. ಮೊದಲು ಕೆಳಬಾಯಿಂದ ರಾಗಿ ಸುರಿಯಿತು. ಕದಿರಪ್ಪ ಬೊಗಸೆ ಒಡ್ಡಿ, ಬಾಯಿಗೆ ಹಾಕಿಕೊಂಡು ಹಲ್ಲಿಗೆ ಕಲ್ಲು ಸಿಗುತ್ತದೋ ಎಂದು ಅಗಿದ. "ವಾಸಿ," ಎಂದ. ಆಮೇಲೆ ಕೆಳಗಿನ ಧಾರೆ ಸಣ್ಣಗಾಯಿತು. ಮೇಲಿನ ಬಾಯಿಯ ಚೀಲ ಉಬ್ಬತೊಡಗಿತು. ಕದಿರಪ್ಪ ಅದರೊಳಗೆ ಕೈ ಹಾಕಿ ಎತ್ತಿದ. ಬೆರಳ ಸಂದಿನಿಂದ ಕೆಂಪು ರಾಗಿ ಸೋರಿತು.

"ಏನವ್ವಾ ಇದು? ಕಲ್ಲಿಗೂ ಪಾಲು ಮಡಗಿದ್ದೀಯಾ? ಅದೂ ಅಣ್ತಮ್ಮಂದಿರ ಪಾಲಿನಂಗೆ ಸಮ ಮಾಡಿ?"

ಜೊತೆಗಿದ್ದ ರೈತರು ನಕ್ಕರು. ಶಶಿರೇಖ ಮೂಲೆಯತ್ತ ನೋಡಿದಳು. ಸೆಲ್ವರಾಜ್ ಸ್ಟೂಲಿನಿಂದ ಎದ್ದಿರಲಿಲ್ಲ. ಕೈಗಳು ಇನ್ನೂ ತೊಡೆಯ ಕೆಳಗೇ ಇದ್ದವು. ಅವಳು ಬೋಲ್ಟಿನ ಕಡೆ ಬಗ್ಗಿದಳು. ಗೆರೆ ಮುರಿದಿರಲಿಲ್ಲ.

"ಯಾರು ಮುಟ್ಟಿದರು ಇದನ್ನ?"

ಮುನಿಲಕ್ಷ್ಮಿ ಅವಳನ್ನೇ ವಿಚಿತ್ರವಾಗಿ ನೋಡಿದಳು. "ನೀವೇ ಅಲ್ವಾ ಅಕ್ಕಾ, ಈಗ. ತಟ್ಟೆ ಮ್ಯಾಲೆ ಅಂಗೈ ಇಟ್ಕಂಡು ತಿರುಗಿಸಿದ್ರಲ್ಲ."

"ನಾನಾ?"

"ದಿನಾ ಅಂಗೇ ಮಾಡ್ತೀರಲ್ಲ, ಲಾರಿಗೆ ಏರ್ಸೋ ಮುಂಚೆ. ಕೊನೇ ಸಲ ನೋಡ್ಬಿಡ್ತೀನಿ ಅಂತ."

ಅವಳ ಬಲಗೈಯಲ್ಲಿ ಸ್ಪ್ಯಾನರ್ ಇತ್ತು. ಯಾವಾಗ ಎತ್ತಿಕೊಂಡಳೋ ನೆನಪಿರಲಿಲ್ಲ. ಅಲುಗುವ ತಟ್ಟೆಯನ್ನು ಕಣ್ಣಿನಿಂದ ನೋಡಿ ತಿಳಿಯಲಾಗದು, ಅಂಗೈ ಇಟ್ಟು ಕೇಳಬೇಕು ಎಂದು ಅವಳಿಗೆ ಕಲಿಸಿದವನು ಸೆಲ್ವರಾಜ್. ಅವಳು ಕಲಿತಿದ್ದಳು. ಅಂಗೈಯ ಜೊತೆ ಏನೇನು ಬಂತು ಎಂದು ಆಗ ಕೇಳಿರಲಿಲ್ಲ. ಗಾಳಿ ಒಳಕ್ಕೆ ಬೂದು ಧೂಳು ತಂದಿತು. ಕತ್ತಿನ ಹಿಂದೆ, ಕೂದಲಿನ ಬುಡದಲ್ಲಿ, ಯಾರದೋ ಬೆಚ್ಚನೆಯ ಉಸಿರು ಬಿದ್ದಂತಾಯಿತು. ಅವಳು ತಿರುಗಿ ನೋಡಲಿಲ್ಲ.

"ಇದ್ನ ಆರಿಸ್ಬಿಡವ್ವಾ," ಎಂದ ಕದಿರಪ್ಪ, ಯಂತ್ರವನ್ನು ತೋರಿಸಿ. "ಬತ್ತೀವಿ."

"ನಿಲ್ಲಿ ಕದಿರಪ್ಪನವರೇ." ಅವಳು ಸ್ಪ್ಯಾನರನ್ನು ಅವನ ಕಡೆ ಚಾಚಿದಳು. "ನೀವೇ ತಿರುಗಿಸಿ. ಈ ಶೆಡ್ಡಿನವರ ಕೈಯಿಂದ ಇದು ಆಗೋದಿಲ್ಲ."

"ನಂಗೇನು ಗೊತ್ತು ಮಿಷನ್ನು?"

"ಮಿಷನ್ ನೋಡಬೇಡಿ, ನಿಮ್ಮ ರಾಗಿ ನೋಡಿ. ಅದು ಮೇಲೆ ಹತ್ತೋದು ನಿಂತಾಗ ಕೈ ನಿಲ್ಲಿಸಿ."

ಕದಿರಪ್ಪ ಅನುಮಾನದಿಂದಲೇ ಟವೆಲ್ಲು ಸೊಂಟಕ್ಕೆ ಸುತ್ತಿ ಬಗ್ಗಿದ. ಒಂದು ಸಲ ಜಾಸ್ತಿ ತಿರುಗಿಸಿದ. ಕಲ್ಲುಗಳು ದಡದಡನೆ ರಾಗಿಯ ಚೀಲಕ್ಕೆ ಬಿದ್ದವು. "ಲೇಯ್, ಲೇಯ್!" ಎಂದು ಯಂತ್ರವನ್ನು ಎತ್ತಿನಂತೆ ಗದರಿಸಿ ಹಿಂದಕ್ಕೆ ತಿರುಗಿಸಿದ. ರಾಗಿ ಕೆಳಕ್ಕೆ ಜಾರಿತು, ಕಲ್ಲು ಮೇಲಕ್ಕೆ ಹತ್ತಿತು. ಅವನು ಕೈ ತೆಗೆದ. ಗೆರೆ ಎಲ್ಲಿಯೋ, ಬೋಲ್ಟ್ ಎಲ್ಲಿಯೋ. ಮೇಲಿನ ಚೀಲದಿಂದ ಹಿಡಿ ಎತ್ತಿ ನೋಡಿದ. ಬರೀ ಕಲ್ಲು.

"ಇಷ್ಟೇನಾ?" ಎಂದ. ಅವನ ಮುಖದಲ್ಲಿ ಮೊದಲ ಸಲ ನಗು ಕಂಡಿತು.

"ಇಷ್ಟೇ. ಪ್ರತಿ ಊರಲ್ಲೂ ನಿಮ್ಮವರೇ ತಿರುಗಿಸಲಿ, ಅವರ ರಾಗಿ ಹಾಕಿಕೊಂಡು. ನಾವು ಬೋಲ್ಟ್ ಮುಟ್ಟದೆ ಕಳಿಸ್ತೀವಿ."

"ಆಗ್ಲಿ. ಕಳ್ಸವ್ವಾ," ಎಂದ ಕದಿರಪ್ಪ. ಹೋಗುವಾಗ ಸೆಲ್ವರಾಜ್‌ನ ಕಡೆ ನೋಡಿ, "ಈ ಅಣ್ಣ ಯಾಕೆ ಕೈ ಮ್ಯಾಲೆ ಕೂತವ್ನೆ, ಮೊಟ್ಟೆ ಮರಿ ಮಾಡ್ಸ್ತಾನಾ?" ಎಂದ. ಎಲ್ಲರೂ ನಕ್ಕರು, ಸೆಲ್ವರಾಜ್ ಕೂಡ. ನಗುತ್ತಲೇ ಕೈಗಳನ್ನು ಹೊರಗೆಳೆದುಕೊಂಡ.

ಸಂಜೆ ಅವನು ಡಬ್ಬಿ ಹಿಡಿದು ಗೇಟಿನವರೆಗೆ ಹೋದ. ಶಶಿರೇಖ ಈ ದಿನ ನೋಡುತ್ತಿದ್ದಳು. ಅವನು ಡಬ್ಬಿ ತೆರೆಯಲಿಲ್ಲ, ಜೇಬು ಮುಟ್ಟಲಿಲ್ಲ. "ಬತ್ತೀನಮ್ಮಾ," ಎಂದು, ತನ್ನ ಮನೆಯ ಹೊಸ್ತಿಲು ದಾಟಿದಷ್ಟೇ ಸಲೀಸಾಗಿ ಗೇಟು ದಾಟಿ ಹೋಗಿಬಿಟ್ಟ.

ಅವಳು ಮೋಟಾರಿನ ಸ್ವಿಚ್ಚು ಆರಿಸಿ, ಬೀಗದ ಕೈ ತೆಗೆದುಕೊಂಡು ಹೊರಟಳು. ಮನಸ್ಸು ನಿರಾಳವಾಗಿತ್ತು, ಶೆಡ್ಡು ಉಳಿದಿತ್ತು. ಗೇಟಿನ ಹತ್ತಿರ ಬಂದಾಗ ಹೆಜ್ಜೆ ಮುಂದೆ ಹೋಗಲಿಲ್ಲ. ಎಡಗಾಲು ಎತ್ತಲು ನೋಡಿದಳು, ಆಮೇಲೆ ಬಲಗಾಲು. ಬೂದು ಗುಡ್ಡದ ಮೇಲಿನಿಂದ ಗಾಳಿ ಬೀಸುತ್ತಲೇ ಇತ್ತು. ಹಿಂದೆ ಯಾರೋ, ಅವಸರವಿಲ್ಲದೆ, ಕಾಯುತ್ತ ನಿಂತಿದ್ದರು.

ಅವಳು ಬ್ಯಾಗನ್ನು ತೆರೆದು ನೆಲದ ಮೇಲಿಟ್ಟಳು. ಎರಡೂ ಕೈ ಮೇಲೆತ್ತಿ ಕಣ್ಣು ಮುಚ್ಚಿದಳು.