ದೆವ್ವದ ಬಹುವಚನ

ದೆವ್ವ ಮತ್ತೆ ಬಹುವಚನದಲ್ಲೇ ಮಾತಾಡಿತು.

"ಬಿಡಲ್ಲ. ನಿಮ್ಮನ್ನ ಬಿಡಲ್ಲ."

ಗಾಜಿನಾಚೆ ಕೂತಿದ್ದ ಸೌಂಡ್ ಎಂಜಿನಿಯರ್ ಹೊಟ್ಟೆ ಹಿಡಿದುಕೊಂಡು ನಕ್ಕ. ಸ್ಟುಡಿಯೋದಲ್ಲಿ ಎಲ್ಲರೂ ಅವನನ್ನು ಗಡ್ಡ ಎಂದೇ ಕರೆಯುತ್ತಿದ್ದರು. ಗಡ್ಡ ಬೋಳಿಸಿದ ಮೇಲೂ ಹೆಸರು ಮಾತ್ರ ಹೋಗಿರಲಿಲ್ಲ. "ಮೇಡಂ, ಕೊಂದವನಿಗೂ ಇಷ್ಟು ಮರ್ಯಾದೆನಾ? 'ದಯವಿಟ್ಟು' ಅಂತಾನೂ ಸೇರಿಸಿಬಿಡಿ, ಅವನೇ ನಾಚ್ಕೊಂಡು ಸತ್ತುಹೋಗ್ತಾನೆ."

ಮೈಕಿನ ಮುಂದೆ ನಿಂತಿದ್ದ ಅವಳೂ ನಕ್ಕಳು. ತೆರೆಯ ಮೇಲೆ, ಗಂಡ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಕೊಂದ ಹೆಂಡತಿ ಒದ್ದೆ ಕೂದಲು ಇಳಿಬಿಟ್ಟುಕೊಂಡು ಬಂದಿದ್ದಳು. ಗಂಡ ಮಂಚದ ಪಕ್ಕ ಮಂಡಿಯೂರಿ ಕೈಮುಗಿದಿದ್ದ. ಇಂಥ ದೆವ್ವಗಳಿಗೆ ದನಿ ಕೊಡುವುದರಲ್ಲಿ ಅವಳದು ಎತ್ತಿದ ಕೈ. ಈ ಸಿನಿಮಾಗಳಲ್ಲಿ ಹೆಣ್ಣಿಗೆ ಬಾಯಿ ಬರುವುದೇ ಸತ್ತ ಮೇಲೆ; ಬದುಕಿದ್ದಾಗ 'ಊಟ ಆಯ್ತಾ', 'ಯಾಕೆ ಲೇಟು' ಅಷ್ಟೇ. ಬೆಳಗಿನಿಂದ ಅವಳು ಕಿರುಚಿದ್ದಳು, ಗಹಗಹಿಸಿದ್ದಳು, ಹಲ್ಲು ಕಡಿದಿದ್ದಳು. ಎಲ್ಲವೂ ಒಂದೇ ಏಟಿಗೆ ಓಕೆ ಆಗಿತ್ತು. ಇದೊಂದು ಮಾತು ಮಾತ್ರ ನಾಲಿಗೆಗೆ ಕೂರುತ್ತಿರಲಿಲ್ಲ.

ನಿರ್ದೇಶಕನಿಗೆ ನಗು ಬರಲಿಲ್ಲ. "ಹಾಳೇಲಿ 'ನಿನ್ನನ್ನ' ಅಂತಿದೆ ನೋಡಿ. ಅವಳು ಸತ್ತಿದಾಳೆ ಮೇಡಂ. ಇನ್ನು ಯಾರ ಭಯ ಅವಳಿಗೆ?"

"ಸಾರಿ ಸಾರ್. ಬಾಯಿಗೆ ಅಭ್ಯಾಸ ಆಗ್ಬಿಟ್ಟಿದೆ."

"ಟೀ ಕುಡಿದು ಬನ್ನಿ."

ಅವಳು ಹೆಡ್‌ಫೋನ್ ತೆಗೆದಳು. ಎಂದಿನಂತೆ ಬಲಗಿವಿಗೆ ಮಾತ್ರ ಹಾಕಿಕೊಂಡಿದ್ದಳು. ಎಡಗಿವಿಯಲ್ಲಿ ಹೋದ ವರ್ಷದಿಂದ ಗುಂಯ್ ಎನ್ನುವ ಸದ್ದು ಬಿಟ್ಟರೆ ಬೇರೇನೂ ಕೇಳಿಸುತ್ತಿರಲಿಲ್ಲ. ಬಾಗಿಲು ತಗುಲಿತು ಎಂದು ಡಾಕ್ಟರಿಗೆ ಹೇಳಿದ್ದಳು. ಬಾಗಿಲಲ್ಲ, ಗಂಡನ ಅಂಗೈ. ಹೊಡೆದವನೇ ಆಮೇಲೆ ಅವಳ ಕಾಲು ಹಿಡಿದು ಅತ್ತಿದ್ದ, ತಿಂಗಳುಗಟ್ಟಲೆ ಹೊತ್ತಿಗೆ ಸರಿಯಾಗಿ ಕಿವಿಗೆ ಔಷಧಿ ಬಿಟ್ಟಿದ್ದ. ಅಷ್ಟು ಮೃದುವಾಗಿ ಬಿಡುತ್ತಿದ್ದನೆಂದರೆ, ಅವಳಿಗೆ ಸಿಟ್ಟು ಮಾಡಿಕೊಳ್ಳಲೂ ಆಗುತ್ತಿರಲಿಲ್ಲ.

ಫೋನಿನಲ್ಲಿ ಅವನ ಮೆಸೇಜು ಕಾದಿತ್ತು. 'ಕೆಲಸ ಮುಗಿಯೋ ಹೊತ್ತಿಗೆ ಬರ್ತೀನಿ. ಮನೆಗೆ ಹೋಗೋಣ. ಈ ಸಲ ನಿಜವಾಗ್ಲೂ ಬದಲಾಗಿದೀನಿ.' ಅವಳು ಅಕ್ಕನ ಮನೆ ಸೇರಿ ತಿಂಗಳಾಗಿತ್ತು. ಇದಕ್ಕೆ ಮೊದಲೂ ಹೀಗೆ ಹೋಗಿದ್ದಳು, ಹೀಗೇ ಮೆಸೇಜು ಬಂದಿತ್ತು, ವಾಪಸು ಬಂದಿದ್ದಳು.

ಅಕ್ಕನಿಗೆ ಫೋನು ಮಾಡಿದಳು.

"ಹೋಗ್ಬೇಕು ಅಂತಿದೀಯಾ?" ಅಕ್ಕ ಕೇಳಿದಳು.

"ಗೊತ್ತಿಲ್ಲ ಕಣೇ. ಹೋಗ್ತೀನೇನೋ ಅನ್ಸತ್ತೆ. ಎಷ್ಟಂದ್ರೂ..."

"ಎಷ್ಟಂದ್ರೂ ಏನು? ನಿನ್ನ ಬಾಗ್ಲು ತಟ್ಟಿ ಕರ್ಕೊಂಡು ಬಂದು ಬಂದು ನಂಗೆ ಸಾಕಾಗಿದೆ. ಮುಂದಿನ ಸಲ ತಟ್ಟಿದಾಗ ಬಾಗ್ಲು ತೆಗೆಯೋಕೆ ನೀನೇ ಇಲ್ದಿದ್ರೆ?" ಅಕ್ಕನ ದನಿ ಒಡೆಯಿತು.

ಅವಳಿಗೆ ಬಹುವಚನ ಹುಟ್ಟಿನಿಂದ ಬಂದದ್ದಲ್ಲ. ಕಾಲೇಜಿನಲ್ಲಿ ಇದೇ ಗಂಡ ಅವಳಿಗೆ 'ಲೋ', 'ಕಣೋ', ಹೆಚ್ಚೆಂದರೆ 'ಕೋತಿ'. ಪರೀಕ್ಷೆಯಲ್ಲಿ ನಪಾಸಾದ ದಿನ ಸೈಕಲ್ ಸ್ಟ್ಯಾಂಡಿನ ಹಿಂದೆ ಕೂತು, ಮೂಗು ಸುರಿಸಿಕೊಂಡು ಅತ್ತಿದ್ದ. ನಾನು ಯಾವುದಕ್ಕೂ ಲಾಯಕ್ಕಿಲ್ಲ, ನನ್ನ ಬಿಟ್ಟುಬಿಡು ಅಂದಿದ್ದ. ಅವಳು ತನ್ನ ದುಪಟ್ಟಾದಲ್ಲೇ ಅವನ ಮೂಗು ಒರೆಸಿ, "ಬಿಡಲ್ಲ ಕಣೋ, ಹೋಗೋ" ಅಂದಿದ್ದಳು.

ಮದುವೆಯಾದ ಹೊಸತರಲ್ಲಿ ಅವನ ಕಡೆಯವರೆಲ್ಲ ಊಟಕ್ಕೆ ಕೂತಿದ್ದಾಗ ಬಾಯಿತಪ್ಪಿ, "ಲೋ, ನೀರು ಕೊಡೋ" ಅಂದುಬಿಟ್ಟಳು. ಎಲ್ಲರೂ ನಕ್ಕರು. ಅವನೂ ನಕ್ಕ. ನೆಂಟರೆಲ್ಲ ಹೋದ ಮೇಲೆ ಸದ್ದಾಗದಂತೆ ಕೋಣೆಯ ಬಾಗಿಲು ಹಾಕಿದ. ಮೊದಲ ಏಟು ಬಿದ್ದದ್ದು ಅವತ್ತು. ಅಂದಿನಿಂದ ಅವನು 'ನೀವು', 'ರೀ'. ಕನಸಿನಲ್ಲೂ ಹಾಗೇ ಕರೆಯುತ್ತಿದ್ದಳು. ಕಥೆ ಹೇಳುವ ನಮಗೆ ಅವನ ಹಂಗಿಲ್ಲ, ಏಕವಚನ ಸಲೀಸಾಗಿ ಬರುತ್ತದೆ.

ಅವಳು ಮತ್ತೆ ಮೈಕಿನ ಮುಂದೆ ನಿಂತಳು. ತೆರೆಯ ಗಂಡ ಮತ್ತೆ ಮಂಡಿಯೂರಿದ. ಏಕವಚನದಲ್ಲಿ ಯಾರನ್ನು ಕರೆಯಬಲ್ಲೆ ಎಂದು ಹುಡುಕಿದಳು. ಮೂಗು ಸುರಿಸಿಕೊಂಡಿದ್ದ ಆ ಹುಡುಗನೊಬ್ಬನೇ ಸಿಕ್ಕಿದ. ಕಣ್ಣು ಮುಚ್ಚಿಕೊಂಡಳು.

"ಬಿಡಲ್ಲ ಕಣೋ. ನಿನ್ನನ್ನ ಬಿಡಲ್ಲ. ನೀನು ಎಲ್ಲಿ ಹೋದ್ರೂ ಬಿಡಲ್ಲ."

ಗಡ್ಡ ನಗಲಿಲ್ಲ. ತೆರೆಯ ಮೇಲಿನ ತುಟಿಗೂ ಅವಳ ಮಾತಿಗೂ ತಾಳೆಯಾಗಿತ್ತೋ ಇಲ್ಲವೋ ಯಾರೂ ನೋಡಿರಲಿಲ್ಲ. ಇನ್ನೊಮ್ಮೆ ಹಾಕು ಎಂದ ನಿರ್ದೇಶಕ. ದೊಡ್ಡ ಸ್ಪೀಕರಿನಲ್ಲಿ ಅವಳ ದನಿ ಗಾಜಿನಾಚೆಯ ಕೋಣೆ ತುಂಬಿತು.

"ಇದ್ರಲ್ಲಿ ಸೇಡು ಎಲ್ಲಿದೆ? ಜನ ಹೆದರಲ್ಲ, ಅಳ್ತಾರೆ."

"ಅಳ್ಲಿ ಬಿಡಿ ಸಾರ್," ಎಂದ ಗಡ್ಡ.

ಅವಳು ಹೊರಗೆ ಬಂದಾಗ ಗಂಡ ಆ ಕೋಣೆಯ ತೆರೆದ ಬಾಗಿಲಲ್ಲೇ ನಿಂತಿದ್ದ. ಎಲ್ಲವನ್ನೂ ಕೇಳಿಸಿಕೊಂಡಿದ್ದ. ಕಣ್ಣು ತುಂಬಿತ್ತು. ಎರಡೂ ಕೈಯಲ್ಲಿ ಒಂದೊಂದು ಹೆಲ್ಮೆಟ್ಟು ಹಿಡಿದಿದ್ದ. ಮೆಟ್ಟಿಲ ತನಕ ಇಬ್ಬರೂ ನಡೆದರು.

"ನಂಗೇ ಹೇಳ್ದಂಗಿತ್ತು," ಎಂದ. "ಬಿಡಲ್ಲ ಅಂದ್ಯಲ್ಲ. ಅಷ್ಟು ಸಾಕು ನಂಗೆ. ನಡಿ, ಹೋಗೋಣ."

ಹೋಗಿಬಿಡಬಹುದಿತ್ತು. ಕಾಲು ಆಗಲೇ ಅವನ ಹೆಜ್ಜೆಗೆ ಹೊಂದಿಕೊಂಡಿತ್ತು.

"ಅದು ನಿಮಗೆ ಹೇಳಿದ್ದಲ್ಲ ರೀ," ಎಂದಳು.

"ಮತ್ತೆ?"

"ಅವನಿಗೆ."

ಅವನ ಕಣ್ಣಲ್ಲಿದ್ದ ನೀರು ಹಾಗೇ ಇತ್ತು, ಮುಖ ಮಾತ್ರ ಬದಲಾಯಿತು. "ಯಾವನಿಗೆ?"

ಅವಳು ಆ ಮುಖವನ್ನು ಹುಡುಕಿ ಹುಡುಕಿ ನೋಡಿದಳು. ಈಗ ಅವನಿಗೆ ಗೊತ್ತಾಗುತ್ತದೆ, ಇನ್ನೊಂದು ಕ್ಷಣಕ್ಕೆ ಗೊತ್ತಾಗುತ್ತದೆ ಎಂದು ಕಾದಳು.

"ಹೇಳೇ, ಯಾವನು ಅವನು? ಎಷ್ಟು ದಿನದಿಂದ ನಡೀತಿದೆ ಇದು?"

"ಅವನು ಈಗಿಲ್ಲ ರೀ," ಎಂದು ಮೆಟ್ಟಿಲಿಳಿಯತೊಡಗಿದಳು. ದುಃಖ ಉಮ್ಮಳಿಸಿ ಬಂತು. ಸತ್ತವರ ಮನೆಯಲ್ಲಿ ಅಳುವ ಹಾಗೆ, ಯಾರು ನೋಡಿದರೂ ಸರಿ ಎಂದು ಬಾಯಿಬಿಟ್ಟು ಅತ್ತಳು. ಮೇಲಿನಿಂದ ಅವನು ಯಾವನು, ಯಾವನು ಎಂದು ಕೇಳುತ್ತಲೇ ಇದ್ದ.

ಗೇಟು ದಾಟಿ ಅವಳು ಅಕ್ಕನ ಮನೆಯ ಬಸ್ಸು ಬರುವ ಕಡೆಗೆ ರಸ್ತೆ ದಾಟಿದಳು. ಅವನು ಮೆಟ್ಟಿಲ ಮೇಲೇ ನಿಂತಿದ್ದ. ಬಲಗೈಯಲ್ಲಿದ್ದ ತನ್ನ ಹೆಲ್ಮೆಟ್ಟಿನ ಮೇಲೆ ದಾರಿಯ ಧೂಳು ಹಾಗೇ ಇತ್ತು. ಎಡಗೈಯಲ್ಲಿದ್ದ ಅವಳದನ್ನು ಮಾತ್ರ ಹೊಳೆಯುವಂತೆ ಒರೆಸಿ ತಂದಿದ್ದ.